ಒಣಮೀನು ಐದೂವರೆ, ಲೀಲಾ ನಾಲ್ಕೂವರೆ

"ರೀ, ಈ ಲೀಲಾ ಯಾರು?"

ಸಂತೆಯ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಟವಾಡೆ. ಜಗಲಿಯ ಮೇಲೆ ಚೆಕ್‌ರೋಲ್ ಬಿಚ್ಚಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಹಾಳೆ ತಿರುವುತ್ತಿದ್ದ ನನ್ನ ಹೆಂಡತಿ ಈ ಪ್ರಶ್ನೆ ಕೇಳಿದ್ದೇ ತಡ, ಅಂಗಳದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದ ಏಳು ಆಳುಗಳು, ಮೇಸ್ತ್ರಿ, ಒಳಗೆ ಒಲೆ ಮುಂದೆ ಕೂತಿದ್ದ ಅವ್ವ, ಎಲ್ಲರ ಕಿವಿಯೂ ನೆಟ್ಟಗಾಯಿತು. ಎಂಟು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆಯೂ ಕೊಂಚ ತಗ್ಗಿತು, ಉತ್ತರ ಕೇಳಿಸಿಕೊಳ್ಳೋಣ ಅಂತ.

"ಯಾವ ಲೀಲಾ?" ಅಂದೆ. ತಪ್ಪು ಮಾಡದ ಗಂಡಸೂ ತಪ್ಪಿತಸ್ಥನ ಹಾಗೆ ಕಾಣಬೇಕಾದರೆ ಇಷ್ಟು ಕೇಳಿದರೆ ಸಾಕು.

"ನೀವೇ ಬರ್ದಿದೀರಲ್ಲ. ಲೀಲಾ: ಅರ್ಧ, ಅರ್ಧ, ಒಂದು, ಸೊನ್ನೆ, ಅರ್ಧ, ಸೊನ್ನೆ... ಒಟ್ಟು ನಾಲ್ಕೂವರೆ. ನಮ್ಮ ತೋಟಕ್ಕೆ ಲೀಲಾ ಅನ್ನೋಳು ಯಾರೂ ಬರಲ್ವಲ್ಲ! ಅರ್ಧರ್ಧ ದಿನ ಬರೋ ಆಳನ್ನ ಇಟ್ಕೊಂಡೋರು ಯಾರು?" ಅವಳ ಬೆರಳು ಕೆಳಗಿನ ಸಾಲಿಗಿಳಿಯಿತು. "ಒಣಮೀನು, ಐದೂವರೆ. ಐದೂವರೆ ಕೆಜಿ ಒಣಮೀನು ಯಾವತ್ತು ತಂದ್ರಿ? ಯಾರ ಮನೆಗೆ ಹೋಯ್ತು?"

ಮೇಸ್ತ್ರಿ ಮೊದಲು ಲೀಲಾಳನ್ನೂ ಆಮೇಲೆ ಒಣಮೀನನ್ನೂ ಮನಸ್ಸಿನಲ್ಲೇ ಕೂಡಿಸಿದ್ದು ಅವನ ಮುಖದಲ್ಲಿ ಕಂಡಿತು. ಸಂಜೆಯೊಳಗೆ ಈ ಕೂಡಿಕೆಯ ಮೊತ್ತ ಬಾಳ್ಳುಪೇಟೆ ತಲುಪುವುದು ಖಂಡಿತ ಅನ್ನಿಸಿತು.

ತೋಟದವರಲ್ಲದವರಿಗೆ ಒಂದು ಮಾತು. ಚೆಕ್‌ರೋಲ್ ಅಂದರೆ ಕಾಫಿ ತೋಟದ ಹಾಜರಿ ಪುಸ್ತಕ. ಪೂರ್ತಿ ದಿನ ಬಂದವರಿಗೆ ಒಂದು, ಅರ್ಧ ದಿನ ಬಂದವರಿಗೆ ಅರ್ಧ, ಬಾರದವರಿಗೆ ಸೊನ್ನೆ. ಚದುರಂಗದಲ್ಲೂ ಇದೇ ಲೆಕ್ಕ: ಗೆದ್ದರೆ ಒಂದು, ಡ್ರಾ ಆದರೆ ಅರ್ಧ, ಸೋತರೆ ಸೊನ್ನೆ. ಮನೆಯಲ್ಲಿ ಬೇರೆ ಗೆರೆ ಹಾಕಿದ ಪುಸ್ತಕ ಸಿಗದೆ ನಾನು ಚದುರಂಗ ಪಂದ್ಯದ ಫಲಿತಾಂಶವನ್ನು ಚೆಕ್‌ರೋಲಿನ ಕೊನೇ ಹಾಳೆಯಲ್ಲಿ ಬರೆದದ್ದೇ ತಪ್ಪು. ಅದರ ಹೆಸರಿನಲ್ಲೇ 'ಚೆಕ್' ಇದೆಯಲ್ಲ ಅಂತ ಬರೆಯುವಾಗ ಒಬ್ಬನೇ ನಕ್ಕಿದ್ದೆ ಬೇರೆ.

ಇದಕ್ಕೆಲ್ಲ ಮೂಲ ನನ್ನ ಭಾವಮೈದ. ಮೂಡಿಗೆರೆ ಕಡೆಯವನು, ಓದಿಕೊಂಡವನು, ಯಾವ ಮಾತನ್ನೂ ಸುಮ್ಮನೆ ಬಿಡುವವನಲ್ಲ. ಆರಿದ್ರ ಮಳೆಯಲ್ಲಿ ಅಕ್ಕನ ಮನೆಗೆಂದು ಬಂದವನು ಕಡುಬು, ಕಳಲೆ ಸಾರು ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, "ಭಾವ, ಈಗ ಕಂಪ್ಯೂಟರ್ ಚೆಸ್ಸಿನಲ್ಲಿ ಯಾವುದು ಜೋರು ಗೊತ್ತಾ?" ಅಂತ ಶುರು ಮಾಡಿದ. ಹೈಸ್ಕೂಲಿನಲ್ಲಿ ಚದುರಂಗಕ್ಕೆ ಎರಡನೇ ಬಹುಮಾನ ಪಡೆದವನು ನಾನು. ಸ್ಪರ್ಧೆಯಲ್ಲಿದ್ದವರು ಮೂರೇ ಜನ, ಅವರಲ್ಲೊಬ್ಬನಿಗೆ ಆ ದಿನ ಜ್ವರ ಎಂಬುದು ನನ್ನ ಹೆಂಡತಿಗೆ ಗೊತ್ತಿಲ್ಲ. ಹಾಗಾಗಿ ಸುಮ್ಮನಿರಲಾಗಲಿಲ್ಲ.

"ಒಣಮೀನು," ಅಂದೆ.

ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮನ್ನು ನಾನು ಹಾಗೆ ಕರೆಯುವುದು, ಮತ್ತದು ಸರಿಯಾದ ಅನುವಾದವೇ. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಬರೆದಿದ್ದ ಗ್ಲಾರುಂಗ್ ಎಂಬ ಪ್ರೋಗ್ರಾಮನ್ನು ತೆಗೆದುಕೊಂಡು ಇಟಲಿಯ ಮಾರ್ಕೊ ಕೊಸ್ತಾಲ್ಬಾ 2008ರಲ್ಲಿ ಹೊಸದೊಂದನ್ನು ಮಾಡಿದ. ನಾರ್ವೆಯವರು ಕಾಡ್ ಮೀನನ್ನು ಉಪ್ಪು ಹಾಕದೆ ಚಳಿಗಾಳಿಗೆ ನೇತುಹಾಕಿ ಒಣಗಿಸುತ್ತಾರೆ, ಇಟಲಿಯವರು ಅದನ್ನು ತರಿಸಿ ಬೇಯಿಸಿ ತಿನ್ನುತ್ತಾರೆ. ಇದೂ ನಾರ್ವೆಯಲ್ಲಿ ತಯಾರಾಗಿ ಇಟಲಿಯಲ್ಲಿ ಅಡುಗೆಯಾದದ್ದು ಅಂತ ಅದೇ ಹೆಸರಿಟ್ಟ. ನಮ್ಮ ಕಡೆಗೂ ಒಣಮೀನಿಗೂ ಇರುವ ನಂಟು ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಶಿರಾಡಿ ಘಾಟಿ ಹತ್ತಿ ಬರುವ ಉಪ್ಪುಮೀನೇ ನಮ್ಮ ಪಾಲಿನ ಸಮುದ್ರ.

"ಒಣಮೀನಲ್ಲ ಭಾವ, ಲೀಲಾ," ಅಂದ ಅವನು. "ಲೀಲಾ ಚೆಸ್ ಝೀರೋ. ಅವಳಿಗೆ ಯಾರೂ ಆಟ ಹೇಳಿಕೊಟ್ಟಿಲ್ಲ. ನಿಯಮ ಅಷ್ಟೇ ಕೊಟ್ಟಿದ್ದು. ತನ್ನ ಜತೆಗೇ ತಾನು ಕೋಟಿಗಟ್ಟಲೆ ಆಟ ಆಡಿಕೊಂಡು ಕಲಿತವಳು."

ಅವನು ಹೇಳಿದ್ದು ಸುಳ್ಳಲ್ಲ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಕಂಪನಿಯ ಆಲ್ಫಾಝೀರೋ ಹೀಗೆ ತಾನೇ ಕಲಿತು ಸ್ಟಾಕ್‌ಫಿಶ್ ಜತೆ 100 ಆಟ ಆಡಿತ್ತು. 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. ಒಣಮೀನಿನ ಕಡೆಯವರು ಸುಮ್ಮನಿರುತ್ತಾರೆಯೇ? ನಮ್ಮವನಿಗೆ ಹಳೇ ಆವೃತ್ತಿ ಕೊಟ್ಟಿರಿ, ನೆನಪಿಗೆ ಒಂದೇ ಜಿಬಿ ಜಾಗ ಕೊಟ್ಟಿರಿ, ಯೋಚಿಸಬೇಕಾದ ನಡೆಗೂ ಯೋಚಿಸಬೇಕಿಲ್ಲದ ನಡೆಗೂ ಒಂದೇ ನಿಮಿಷ ಅಂತ ಕಟ್ಟಿಹಾಕಿದಿರಿ, ನಿಮ್ಮದಕ್ಕೆ ಮಾತ್ರ ವಿಶೇಷ ಚಿಪ್ಪುಗಳ ಯಂತ್ರ ಅಂತ ಆಕ್ಷೇಪ ಎತ್ತಿದರು. ಆ ಆಲ್ಫಾಝೀರೋ ಜನರ ಕೈಗೆ ಸಿಗಲಿಲ್ಲ. ಅದರ ಪ್ರಬಂಧ ಓದಿದ ಸ್ವಯಂಸೇವಕರು ಮಾರನೇ ವರ್ಷ ತಮ್ಮ ತಮ್ಮ ಕಂಪ್ಯೂಟರುಗಳ ಬಲ ಸೇರಿಸಿ ಬೆಳೆಸಿದವಳೇ ಈ ಲೀಲಾ.

ಮಾತಿಗೆ ಮಾತು ಬೆಳೆದು ಒಂದು ಕೆಜಿ ಕಾಳುಮೆಣಸಿನ ಪಣವಾಯಿತು. ಮೆಣಸು ಹೇಗೂ ಅಕ್ಕನದೇ, ಆದ್ದರಿಂದ ಇಬ್ಬರಿಗೂ ಭಯವಿರಲಿಲ್ಲ.

"ಆಡಿಸಿ ತೋರಿಸ್ತೀನಿ," ಅಂದೆ.

ನಾನೇ ಆಡಿ ನೋಡುವ ಪ್ರಶ್ನೆ ಇರಲಿಲ್ಲ. ಅದಕ್ಕೂ ಹಿಂದಿನ ವಾರವೇ ಫೋನಿನ ಸ್ಟಾಕ್‌ಫಿಶ್ ಜತೆ ಕೂತಿದ್ದೆ. ಅದಕ್ಕೆ ಸೊನ್ನೆಯಿಂದ ಇಪ್ಪತ್ತರವರೆಗೆ ಮಟ್ಟಗಳಿವೆ. ಮೂರನೇ ಮಟ್ಟದಲ್ಲಿ ಸತತ ಆರು ಸಲ ಸೋತು, ಒಂದಕ್ಕಿಳಿದು ಒಮ್ಮೆ ಗೆದ್ದು, ಬೆಂಗಳೂರಿನಲ್ಲಿ ಓದುವ ಮಗಳಿಗೆ ಫೋನ್ ಮಾಡಿ ಹೇಳಿಕೊಂಡೆ. "ಅಪ್ಪಾ, ಕೆಳಗಿನ ಮಟ್ಟದಲ್ಲಿ ಅದು ಒಳ್ಳೇ ನಡೆ ಗೊತ್ತಿದ್ದೂ ಬೇಕಂತಲೇ ಆಗಾಗ ಕೆಟ್ಟ ನಡೆ ಆಡುತ್ತೆ," ಅಂದಳು. ಚಿಕ್ಕಂದಿನಲ್ಲಿ ಚೌಕಾಬಾರದಲ್ಲಿ ನಾನು ಅಳುತ್ತೇನೆಂದು ಅವ್ವ ಕವಡೆಯನ್ನು ಮಗುಚಿ ಸೋಲುತ್ತಿದ್ದಳು. ಐವತ್ತನಾಲ್ಕನೇ ವಯಸ್ಸಿನಲ್ಲಿ ಆ ಕರುಣೆ ಮತ್ತೆ ಸಿಕ್ಕಿದ್ದು ಒಂದು ಫೋನಿನಿಂದ.

ಹಾಗಾಗಿ ನಾನು ಆಟಗಾರನ ಕೆಲಸ ಬಿಟ್ಟು ತೀರ್ಪುಗಾರನಾದೆ. ಆಡಲು ಬಾರದವರಿಗೆ ಲೋಕ ಕೊಟ್ಟಿರುವ ಗೌರವದ ಹುದ್ದೆ ಅದೇ ತಾನೆ.

ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನಲ್ಲಿ ಲೀಲಾ, ನನ್ನ ಫೋನಿನಲ್ಲಿ ಒಣಮೀನು. ಇಬ್ಬರಿಗೂ ನಡೆಗೆ ಹತ್ತು ಸೆಕೆಂಡು. ಇವನು ಆಡಿದ್ದನ್ನು ಅವಳಿಗೆ, ಅವಳು ಆಡಿದ್ದನ್ನು ಇವನಿಗೆ ಮುಟ್ಟಿಸುವ ಕೆಲಸ ನನ್ನದು. ಯಂತ್ರಕ್ಕೆ ಕೈಯಾಗುವುದು ಕೀಳು ಕೆಲಸವೇನಲ್ಲ. 1952ರಲ್ಲಿ ಅಲನ್ ಟ್ಯೂರಿಂಗ್ ತಾನು ಬರೆದ ಚದುರಂಗದ ಸೂತ್ರವನ್ನು ಓಡಿಸಲು ತಕ್ಕ ಕಂಪ್ಯೂಟರ್ ಇಲ್ಲದೆ, ತಾನೇ ಕಾಗದ ಪೆನ್ಸಿಲು ಹಿಡಿದು ಒಂದೊಂದು ನಡೆಗೂ ಅರ್ಧ ಗಂಟೆ ಲೆಕ್ಕ ಹಾಕಿ ಗೆಳೆಯನೊಬ್ಬನ ಎದುರು ಆಡಿ ಸೋತ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿದ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಪರವಾಗಿ ಮಣೆಯ ಮುಂದೆ ಕೂತು ಕಾಯಿ ನಡೆಸಿದವರೂ ಅದನ್ನು ಕಟ್ಟಿದ ಇಂಜಿನಿಯರುಗಳೇ. ಮಲೆನಾಡಿನಲ್ಲಿ ಈ ಪರಂಪರೆಗೆ ಸೇರಿದ ಮೊದಲಿಗ ನಾನೇ ಇರಬೇಕೆಂದು ಎದೆ ಸ್ವಲ್ಪ ಉಬ್ಬಿತು.

"ಅರವತ್ನಾಲ್ಕು ಮನೆ ಕಾಯ್ತಾ ಕೂತಿರೋರು, ಇರೋ ಒಂದು ಮನೆ ಸೋರ್ತಾ ಇದೆ ನೋಡಿ," ಅಂತ ಹೆಂಡತಿ ಒಂದು ಬಕೆಟ್ ತಂದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಹೋದಳು. ಮೊದಲ ಆಟ ಶುರುವಾದದ್ದು ಟಪ್ ಟಪ್ ಎಂಬ ಆ ತಾಳಕ್ಕೆ.

ಮೊದಲ ಆಟ ಡ್ರಾ. ಎರಡನೇ ಆಟಕ್ಕೂ ಅವಳಿಗೇ ಬಿಳಿ ಕೊಟ್ಟೆ. ಹದಿನಾಲ್ಕು ನಡೆಯವರೆಗೂ ಮೊದಲ ಆಟದ ಯಥಾಪ್ರತಿ. ಹೊಸದಾಗಿ ಮದುವೆಯಾದವರು ನೆಂಟರ ಮನೆಗೆ ಹೋದಾಗ ಹೇಳುವ ಹಾಗೆ ಇಬ್ಬರೂ ಅದೇ ಮಾತು, ಅದೇ ಉತ್ತರ. ಅದೂ ಡ್ರಾ. ದೊಡ್ಡ ಪಂದ್ಯಗಳಲ್ಲಿ ಮೊದಲ ಕೆಲವು ನಡೆಗಳನ್ನು ಪಂದ್ಯ ನಡೆಸುವವರೇ ಆರಿಸಿ ಕೊಟ್ಟು, ಅದೇ ಆರಂಭದಿಂದ ಎರಡು ಆಟ ಆಡಿಸುತ್ತಾರೆ, ಒಮ್ಮೆ ಇವನಿಗೆ ಬಿಳಿ, ಒಮ್ಮೆ ಅವನಿಗೆ. ಮೊದಲು ನಡೆಸುವ ಬಿಳಿಗೆ ಸ್ವಲ್ಪ ಅನುಕೂಲ ಇದ್ದೇ ಇದೆ, ಜತೆಗೆ ಕೆಲವು ಆರಂಭಗಳು ಹುಟ್ಟಾ ಓರೆ. ಇಬ್ಬರಿಗೂ ಒಂದೊಂದು ಸಲ ಇಳಿಜಾರಿನ ಮೇಲ್ಭಾಗ ಸಿಕ್ಕರೆ ನ್ಯಾಯ. ಇದೆಲ್ಲ ನನಗೆ ಗೊತ್ತಾದದ್ದು ಆರನೇ ಆಟದ ಮೇಲೆ.

ಮೂರನೇ ಆಟದಲ್ಲಿ ಲೀಲಾ ಗೆದ್ದಳು. ಗೆಲ್ಲಿಸಿದ್ದು ನಾನು. ಒಣಮೀನು ಡಿ7 ಮನೆಗೆ ಕುದುರೆ ನಡೆಸು ಅಂದಿತು. ಆ ಮನೆಗೆ ಅವನ ಎರಡು ಕುದುರೆಗಳೂ ಹೋಗಬಲ್ಲವು. ಅವನು ಹೇಳಿದ್ದು ರಾಜನ ಕಡೆಯದು, ಕನ್ನಡಕ ಒರೆಸದ ನಾನು ಲ್ಯಾಪ್‌ಟಾಪಿನಲ್ಲಿ ನಡೆಸಿದ್ದು ಮಂತ್ರಿಯ ಕಡೆಯದು. ಅಲ್ಲಿಂದ ಮುಂದೆ ಅವನ ಮಣೆಯೇ ಬೇರೆ, ಅವಳ ಮಣೆಯೇ ಬೇರೆ. ಗಂಡಿನ ಕಡೆ ಒಂದು, ಹೆಣ್ಣಿನ ಕಡೆ ಒಂದು ಹೇಳುವ ಮದುವೆ ಬ್ರೋಕರನ ಹಾಗೆ ನಾನು ನಡುವೆ ಓಡಾಡಿದೆ. ಎಂಟು ನಡೆ ಕಳೆದ ಮೇಲೆ ಅವನು ಹೇಳಿದ ನಡೆ ಅವಳ ಮಣೆಯಲ್ಲಿ ಸಾಧ್ಯವೇ ಇರಲಿಲ್ಲ. ಇದ್ದದ್ದರಲ್ಲಿ ಅದಕ್ಕೆ ಹತ್ತಿರವಾದ ಒಂದನ್ನು ನಾನೇ ಆಡಿದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಮನೆಯನ್ನೂ ಎರಡು ಸಲ ತುಳಿಯದೆ ಕುದುರೆಯನ್ನು ಅರವತ್ನಾಲ್ಕು ಮನೆಯೂ ಸುತ್ತಿಸುವ ಬಂಧಗಳನ್ನು ರಚಿಸಿದವರು. ಅವರ ಸೀಮೆಯ ಪ್ರಜೆಯಾದ ನಾನು ಒಂದೇ ಒಂದು ಜಿಗಿತಕ್ಕೆ ತಪ್ಪು ಕುದುರೆ ಬಿಟ್ಟೆ. ಚೆಕ್‌ರೋಲಿನಲ್ಲಿ ಮಾತ್ರ ಲೀಲಾಳ ಮುಂದೆ ಪೂರ್ತಿ ಒಂದು ದಿನ ಬಿತ್ತು.

ಆರನೇ ಆಟದ ಕಥೆ ಊರಿಗೇ ಗೊತ್ತು.

ಅವತ್ತು ಮಧ್ಯಾಹ್ನ ಮಳೆ ಬಿಟ್ಟು ಮಂಜು ಇಳಿದಿತ್ತು. ಜಗಲಿಯ ಮೇಲೆ ಆಟ ಇಟ್ಟಿದ್ದೆ. ಒಣಮೀನಿನ ಆನೆ ಬಾಗಿಲು ಮುರಿದ ಹಾಗೆ ಲೀಲಾಳ ಮನೆಯೊಳಗೆ ನುಗ್ಗಿತು. ಅಂಥ ನಡೆ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮೈಮರೆತು ಎದ್ದು ನಿಂತು ಕೂಗಿದೆ: "ಅಯ್ಯಯ್ಯೋ, ಆನೆ ಒಳಗೇ ನುಗ್ತಲ್ಲೋ!"

ನಮ್ಮ ಸೀಮೆಯಲ್ಲಿ ಸುಮ್ಮಸುಮ್ಮನೆ ಕೂಗಬಾರದ ಮಾತು ಅದು. ಆಲೂರು, ಸಕಲೇಶಪುರದ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬಾರದೇ ಹೋದದ್ದುಂಟು. ಎಂಟು ಸಲ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯ ಎದುರು ಕಾದಾಡಿ ಪ್ರಾಣ ಬಿಟ್ಟದ್ದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲೇ. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬಾರದೆ ಇಲ್ಲಿ ಯಾರೂ ಗೇಟು ದಾಟುವುದಿಲ್ಲ. ಹಾಗಿರುವಾಗ ಕೆಳಗಿನ ಪಟ್ಟೆಯಲ್ಲಿ ಕಂಬಚಿಗುರು ತೆಗೆಯುತ್ತಿದ್ದ ಆಳುಗಳು ಕತ್ತಿ ಬಿಸಾಕಿ ಓಡಿದರು. ಮೇಸ್ತ್ರಿ ಓಡುತ್ತಲೇ ಫೋನ್ ಮಾಡಿದ. ಪಕ್ಕದ ತೋಟದವರು ಪಟಾಕಿ ಹಚ್ಚಿದರು. ಅರ್ಧ ಗಂಟೆಯಲ್ಲಿ ಅರಣ್ಯ ಇಲಾಖೆಯ ಜೀಪು ಅಂಗಳಕ್ಕೆ ಬಂತು. ಇಷ್ಟಾದರೂ ನಾನು ಫೋನಿಂದ ತಲೆ ಎತ್ತಿರಲಿಲ್ಲ.

"ಸರ್, ಎಲ್ಲಿ ನೋಡಿದ್ರಿ?" ಕೆಸರಾದ ಬೂಟಿನಲ್ಲಿ ನಿಂತ ಹುಡುಗ ಕೇಳಿದ.

"ಇಲ್ಲೇ, ಏಳನೇ ಸಾಲಲ್ಲಿ."

ಅವನು ಕಾಫಿ ಗಿಡದ ಸಾಲು ಎಣಿಸತೊಡಗಿದ. "ಎಷ್ಟಿದಾವೆ? ಗುಂಪಾ, ಒಂಟಿ ಸಲಗಾನಾ?"

"ನಾಲ್ಕಿತ್ತು. ಎರಡು ಹೋದವು. ಈಗ ಉಳಿದಿರೋದು ಒಂದು ಕಪ್ಪು, ಒಂದು ಬಿಳಿ."

"ಬಿಳೀ ಆನೆಯಾ!" ಅಂದವನು ವಾಕಿಟಾಕಿ ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ನನ್ನ ಹೆಂಡತಿ ಹೊರಗೆ ಬಂದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಐರಾವತ ಹೇಮಾವತಿ ದಾಟಿದ ಸುದ್ದಿ ಹಾಸನಕ್ಕೆ ಮುಟ್ಟುತ್ತಿತ್ತು. ಅವಳು ಮಾತಿಲ್ಲದೆ ನನ್ನ ಕೈಯಿಂದ ಫೋನು ತೆಗೆದು ಅವನ ಮುಂದೆ ಹಿಡಿದಳು. ಅವನು ನೋಡಿದ, ನನ್ನನ್ನು ನೋಡಿದ, ಮತ್ತೆ ಫೋನು ನೋಡಿದ. ಬೈಯಬಹುದಿತ್ತು. ಬೈಯಲಿಲ್ಲ.

"ಸರ್, ನಮ್ಮಾನೆಗಳೂ ಹಿಂಗೆ ನೆಟ್ಟಗೇ ಹೋಗ್ತಿದ್ರೆ ನಮಗೆ ಕೆಲ್ಸಾನೇ ಇರ್ತಿರ್ಲಿಲ್ಲ," ಅಂದ. ಹೆಂಡತಿ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು. ನನಗೆ ಮಾತ್ರ ಲೋಟ ಬರಲಿಲ್ಲ. ಆಳುಗಳ ಅರ್ಧ ದಿನ ಹೋಯಿತು, ಕೂಲಿ ಮಾತ್ರ ಪೂರ್ತಿ ದಿನದ್ದು. ಅದು ನನ್ನ ಹೆಸರಿಗೆ ಖರ್ಚು ಬಿತ್ತು.

ಎಂಟನೇ ಆಟದಲ್ಲಿ ಲೀಲಾ ಮತ್ತೆ ಗೆದ್ದಳು. ಇದರಲ್ಲೂ ನನ್ನ ಕೈವಾಡ. ಥಂಡಿಗೆ ಫೋನು ಕೆಟ್ಟೀತೆಂದು ಆಟದ ಮಧ್ಯೆ ಊಟಕ್ಕೆ ಎದ್ದಾಗ ಅದನ್ನು ಬಚ್ಚಲ ಹಂಡೆ ಒಲೆಯ ಮೇಲಿನ ಗೂಡಿನಲ್ಲಿ, ಬೆಚ್ಚಗಿರಲಿ ಎಂದು ಇಟ್ಟೆ. ಬಿಸಿಯೇರಿದ ಫೋನು ಜೀವ ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹತ್ತು ಸೆಕೆಂಡಿನಲ್ಲಿ ಹತ್ತಾರು ಲಕ್ಷ ಸ್ಥಿತಿ ನೋಡುತ್ತಿದ್ದವನು ತೂಕಡಿಸತೊಡಗಿದ. ಅತ್ತ ಒಂಬತ್ತನೆಯದರಲ್ಲಿ ಮರ ಬಿದ್ದು ಕರೆಂಟು ಹೋಗಿ ಲ್ಯಾಪ್‌ಟಾಪು ಬ್ಯಾಟರಿಗೆ ಬಂತು. ಉಳಿತಾಯಕ್ಕೆ ನಿಂತ ಯಂತ್ರದಲ್ಲಿ ಲೀಲಾ ಸೋತಳು. ಹತ್ತನೆಯದು ಡ್ರಾ. ಒಣಮೀನು ಐದೂವರೆ, ಲೀಲಾ ನಾಲ್ಕೂವರೆ.

ಈಗ ಬಲವನ್ನು ಅಂಕಿಯಲ್ಲಿ ಹೇಳಬೇಕು. ಅದಕ್ಕೆ ಇರುವುದು ಎಲೋ ರೇಟಿಂಗ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾದ್ ಎಲೋ ಮಾಡಿದ ಲೆಕ್ಕ. 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಇಬ್ಬರ ಎಲೋ ನಡುವೆ 100 ಅಂತರವಿದ್ದರೆ ಮೇಲಿನವನು ನೂರಕ್ಕೆ ಸುಮಾರು 64 ಅಂಕ ಗಳಿಸುತ್ತಾನೆ, 200 ಇದ್ದರೆ 76, 400 ಇದ್ದರೆ 91.

"ಅವ್ವ, ನನ್ನ ಎಲೋ ಎಷ್ಟಿರಬಹುದು ಹೇಳು," ಅಂತ ಸುಮ್ಮನೆ ಕೇಳಿದೆ.

"ನಿಮ್ಮಪ್ಪ ನಿನ್ನ ಎಲೋ ಅಂತ್ಲೇ ಕರೀತಿದ್ರಲ್ಲೋ," ಅಂದಳು ಅವ್ವ ಹಲಸಿನ ಬೀಜ ಸುಲಿಯುತ್ತ. "ಅದರ ಮುಂದೆ ನಂಬರ್ ಹಾಕ್ತಿರ್ಲಿಲ್ಲ, ಬೇರೆ ಏನೋ ಸೇರಿಸ್ತಿದ್ರು."

ಏನು ಸೇರಿಸುತ್ತಿದ್ದರೆಂದು ಇಲ್ಲಿ ಬೇಡ.

ಐದೂವರೆ–ನಾಲ್ಕೂವರೆಯನ್ನು ಸೂತ್ರಕ್ಕೆ ಹಾಕಿದರೆ ಬಂದದ್ದು 35. ಒಣಮೀನು ಲೀಲಾಳಿಗಿಂತ 35 ಅಂಶ ಬಲಶಾಲಿ! ಭಾವಮೈದನಿಗೆ ಫೋನ್ ಮಾಡುವ ಮೊದಲು ಮಗಳಿಗೆ ಹೇಳಿದೆ. ಅಂಕಿಅಂಶ ಶಾಸ್ತ್ರ ಓದುವ ಮಕ್ಕಳನ್ನು ಹೆತ್ತವರು ಇಂಥ ತಪ್ಪು ಮಾಡಬಾರದು.

"ಎಷ್ಟು ಆಟ ಅಪ್ಪಾ?"

"ಹತ್ತು!"

ಆ ಕಡೆ ಸ್ವಲ್ಪ ಹೊತ್ತು ಮೌನ. "ಅಪ್ಪಾ, ನಾಣ್ಯ ಹತ್ತು ಸಲ ಚಿಮ್ಮಿದ್ರೆ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ತಲೆ ಬೀಳೋ ಸಂಭವ ನೂರಕ್ಕೆ 38. ಹಾಗಂತ ನಾಣ್ಯದ ತಲೆ ಗಟ್ಟಿ ಅಂತೀಯಾ? ನಿನ್ನ 35ಕ್ಕೆ ಹಿಂದೆ ಮುಂದೆ ಎಷ್ಟು ತಪ್ಪಿನ ಅವಕಾಶ ಇದೆ ಲೆಕ್ಕ ಹಾಕ್ದೆ. ಒಣಮೀನು ಲೀಲಾಗಿಂತ 200 ಜೋರಿರಬಹುದು, ಇಲ್ಲಾ 120 ಕಮ್ಮಿ ಇರಬಹುದು. ನಿನ್ನ ಪಂದ್ಯದಿಂದ ಗೊತ್ತಾಗಿದ್ದು ಅಷ್ಟೇ."

"ಹಂಗಾದ್ರೆ ಎಷ್ಟು ಆಡಿಸ್ಬೇಕು?"

"35ರ ವ್ಯತ್ಯಾಸ ಕಾಣ್ಬೇಕಾದ್ರೆ ಇನ್ನೂರು. ಹತ್ತರ ವ್ಯತ್ಯಾಸ ಕಾಣ್ಬೇಕಾದ್ರೆ ಎರಡು ಸಾವಿರಕ್ಕೂ ಮೇಲೆ."

ದಿನಕ್ಕೊಂದರಂತೆ ಆರು ವರ್ಷ. ಅಷ್ಟರಲ್ಲಿ ರೋಬಸ್ಟಾ ಸಸಿ ನೆಟ್ಟು ಎರಡು ಫಸಲು ಕೊಯ್ಯಬಹುದು. ಸ್ಟಾಕ್‌ಫಿಶ್ ಮಾಡುವವರು ನಿಜಕ್ಕೂ ಹಾಗೆಯೇ ಮಾಡುತ್ತಾರಂತೆ. ಒಂದು ಸಣ್ಣ ತಿದ್ದುಪಡಿ ಮಾಡಿದರೂ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಜಗತ್ತಿನ ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ಹಳತು ಹೊಸತರ ನಡುವೆ ಸಾವಿರಾರು, ಎಷ್ಟೋ ಸಲ ಹತ್ತಾರು ಸಾವಿರ ಚುಟುಕು ಆಟ ಆಡಿಸುತ್ತಾರೆ. 2013ರಿಂದಲೂ ಈ ಗಾಣ ನಿಂತಿಲ್ಲ. ದೊಡ್ಡ ಪಂದ್ಯದಲ್ಲೂ ಪರಿಸ್ಥಿತಿ ನೋಡಿ: 2019ರ ಆರಂಭದಲ್ಲಿ ಚೆಸ್ ಪ್ರೋಗ್ರಾಮುಗಳ ಪ್ರಮುಖ ಚಾಂಪಿಯನ್‌ಷಿಪ್ಪಾದ ಟಿಸಿಇಸಿಯ ಅಂತಿಮ ಸುತ್ತಿನಲ್ಲಿ 100 ಆಟದ ನಂತರ ಸ್ಟಾಕ್‌ಫಿಶ್ 50.5, ಲೀಲಾ 49.5. ಅದೇ ವರ್ಷದ ಮುಂದಿನ ಟಿಸಿಇಸಿಯ ಅಂತಿಮ ಸುತ್ತಿನಲ್ಲಿ ಲೀಲಾ 53.5, ಸ್ಟಾಕ್‌ಫಿಶ್ 46.5. ಒಣಮೀನು 2020ರಲ್ಲಿ ಜಪಾನಿ ಚದುರಂಗ ಶೋಗಿಗಾಗಿ ಯೂ ನಾಸು ಕಂಡುಹಿಡಿದಿದ್ದ ಪುಟ್ಟ ನರಜಾಲವನ್ನು ತನ್ನೊಳಗೆ ಸೇರಿಸಿಕೊಂಡು ಮತ್ತೆ ಮೇಲೆದ್ದಿತು.

"ಮತ್ತೆ, ಲೀಲಾಗೆ ಗ್ರಾಫಿಕ್ಸ್ ಕಾರ್ಡ್ ಬೇಕು ಅಪ್ಪಾ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಅದಿಲ್ಲ," ಅಂದಳು ಮಗಳು. "ಅವಳನ್ನ ಕೈಕಟ್ಟಿ ಓಡಿಸಿದೀಯ."

ನಾನೂ ಬಿಡಲಿಲ್ಲ. "ವೇಗವೇ ಎಲ್ಲಾ ಅಲ್ಲ. ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡ್ತಿತ್ತು. 2009ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪಾಕೆಟ್ ಫ್ರಿಟ್ಝ್ ಅನ್ನೋದು ಒಂದು ಮೊಬೈಲಲ್ಲಿ ಕೂತು, ಸೆಕೆಂಡಿಗೆ 20 ಸಾವಿರವನ್ನೂ ನೋಡದೆ, ಮನುಷ್ಯರ ಪಂದ್ಯದಲ್ಲಿ ಹತ್ತಕ್ಕೆ ಒಂಬತ್ತೂವರೆ ತಗೊಂಡಿತ್ತು."

"ಅದಕ್ಕೇ ನಾನೂ ಹೇಳೋದು," ಅಂತ ಒಳಗಿಂದ ಹೆಂಡತಿಯ ದನಿ ಬಂತು, "ದಿನವೆಲ್ಲ ಅತ್ತಿಂದಿತ್ತ ಓಡಾಡಿದ್ರೆ ಕೆಲಸ ಆಯ್ತು ಅಂತಲ್ಲ." ಅವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳೆಂದು ಆಗಲೇ ತಿಳಿಯಬೇಕಿತ್ತು.

ಆ ತಿಂಗಳ ಕರೆಂಟು ಬಿಲ್ಲೂ ಬಂತು. ಹಗಲೂ ರಾತ್ರಿ ಲ್ಯಾಪ್‌ಟಾಪು ಉರಿಸಿದ್ದು ನಾನೇ, ದೂರುವಂತಿಲ್ಲ. ಬಿಲ್ಲಿನ ತಲೆಯ ಮೇಲಿನ 'ಚೆಸ್ಕಾಂ' ಎಂಬ ಅಕ್ಷರ ಓದಿ ಅವ್ವ, "ಚೆಸ್ಸಿಗೇ ಬೇರೆ ಬಿಲ್ ಕಳಿಸಿದಾರಾ?" ಅಂದಳು.

ಇಷ್ಟು ಹಿನ್ನೆಲೆಯೊಂದಿಗೆ ಬಟವಾಡೆಯ ಜಗಲಿಗೆ ವಾಪಸ್ಸು ಬರೋಣ. ಲೀಲಾ ಹೆಣ್ಣಲ್ಲ, ಒಣಮೀನು ಮೀನಲ್ಲ, ಇಬ್ಬರೂ ಲೆಕ್ಕದ ಯಂತ್ರಗಳು ಅಂತ ಏಳು ಆಳು, ಒಬ್ಬ ಮೇಸ್ತ್ರಿಯ ಮುಂದೆ ಬಿಡಿಸಿ ಹೇಳಿದೆ. ಮೇಸ್ತ್ರಿಗೆ ಸ್ವಲ್ಪ ಬೇಜಾರಾಯಿತು. ಅವನು ಕಟ್ಟಿಕೊಂಡಿದ್ದ ಕಥೆಯೇ ಚೆನ್ನಾಗಿತ್ತು ಅಂತ ಕಾಣುತ್ತದೆ.

"ಅಂದ್ರೆ, ಯಾರು ಜೋರು ಅಂತ ಗೊತ್ತಾಯ್ತಾ ಕಡೆಗೆ?" ಕೇಳಿದಳು ಹೆಂಡತಿ.

"ಇಲ್ಲ. ಆಟ ಸಾಲದು. ಒಬ್ಬನಿಗೆ ಬಿಸಿ, ಒಬ್ಬಳಿಗೆ ಕರೆಂಟಿಲ್ಲ, ನಡುವೆ ನನ್ನ ಕಣ್ಣು."

"ಹೋದ ಫೆಬ್ರವರೀಲಿ ಕಾಫಿ ನೋಡೋಕೆ ಬಂದ ವ್ಯಾಪಾರಿ ನೆನಪಿದ್ಯಾ?"

ನೆನಪಿತ್ತು. ನಮ್ಮಲ್ಲಿ ರೋಬಸ್ಟಾ ಚೆರ್ರಿಯನ್ನು ಓಟಿ ಮೇಲೆ ಮಾರುವುದು. ಐವತ್ತು ಕೆಜಿ ಮೂಟೆಯ ಒಣಕಾಯಿಗೆ ಸಿಪ್ಪೆ ಕಳೆದರೆ ಎಷ್ಟು ಕೆಜಿ ಬೀಜ ಬರುತ್ತದೋ ಅದೇ ಓಟಿ. ಆ ವ್ಯಾಪಾರಿ ಬಾಗಿಲ ಹತ್ತಿರದ ಮೂಟೆಯ ಬಾಯಿಯಿಂದ ಒಂದೇ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಅಷ್ಟಕ್ಕೇ ಓಟಿ ಕಟ್ಟಿ ಇಡೀ ಮಾಲಿಗೆ ಬೆಲೆ ಹೇಳಿದ. ನಾನು ಎಗರಾಡಿದ್ದೆ. ಎಲ್ಲಾ ಮೂಟೆಗೂ ಕೊಳವೆ ಚುಚ್ಚು, ಮೇಲಿಂದ ತೆಗಿ, ತಳದಿಂದ ತೆಗಿ, ಎಲ್ಲ ಬೆರೆಸಿ ಆಮೇಲೆ ತೂಗು, ಅದೂ ತೇವ ನೋಡಿಕೊಂಡು ಅಂತ. ಅವನನ್ನು ಗೇಟಿನವರೆಗೆ ಅಟ್ಟಿದ್ದೆ.

"ಒಂದು ಹಿಡಿ ನೋಡಿ ನಲವತ್ತು ಮೂಟೆ ಬೆಲೆ ಕಟ್ಬಾರ್ದು ಅಂತ ಅವತ್ತು ಅಷ್ಟು ಚೆನ್ನಾಗಿ ಹೇಳಿದ್ರಲ್ಲ," ಅಂದಳು ಅವಳು. "ಅದೇ ಬುದ್ಧಿ ಇಲ್ಯಾಕೆ ಬರ್ಲಿಲ್ಲ? ಮಗಳು ಅರ್ಧ ಗಂಟೆ ಇಂಗ್ಲಿಷಲ್ಲಿ ಹೇಳಿದ್ದೂ ಇದೇ ತಾನೆ?"

ಏಳು ಆಳುಗಳಲ್ಲಿ ಆರು ಜನ ತಲೆಯಾಡಿಸಿದರು. ಏಳನೆಯವಳು ನಗು ತಡೆಯಲು ಕೊಪ್ಪೆಯನ್ನು ಮುಖಕ್ಕೆ ಎಳೆದುಕೊಂಡಳು. ಹತ್ತು ದಿನ, ಒಂದು ಜೀಪು, ಒಂದು ಕರೆಂಟು ಬಿಲ್ಲು ಖರ್ಚು ಮಾಡಿ ನಾನು ಕಲಿತದ್ದು ನನ್ನದೇ ಗೋಡೌನಿನಲ್ಲಿ ಮೂಟೆ ಕಟ್ಟಿ ಇಟ್ಟಿದ್ದ ವಿದ್ಯೆ.

ಬಟವಾಡೆ ಮುಗಿಯಿತು. ಆಳುಗಳು ಸಂತೆಗೆ ಹೊರಟರು. ಹೆಂಡತಿ ಪೆನ್ನು ತೆಗೆದು, ಲೀಲಾ, ಒಣಮೀನು ಇಬ್ಬರ ಕೆಳಗೆ ಮೂರನೇ ಸಾಲು ಎಳೆದು ನನ್ನ ಹೆಸರು ಬರೆದಳು. ಹತ್ತು ದಿನದ ಹತ್ತು ಚೌಕಗಳಿಗೆ ಒಂದೊಂದಾಗಿ ತುಂಬುತ್ತ ಹೋದಳು: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಆರನೆಯ ದಿನದ ಚೌಕದಲ್ಲಿ ಸ್ವಲ್ಪ ತಡೆದು ಅರ್ಧ ಹಾಕಿದಳು.

"ಅದು ಯಾಕೆ?"

"ಅವತ್ತು ಜೀಪಿನೋರು ಕುಡಿದ ಲೋಟ ತೊಳೆದ್ರಲ್ಲ."

ಒಟ್ಟು ಅರ್ಧ. ಹತ್ತಕ್ಕೆ ಅರ್ಧವೆಂದರೆ ಎಲೋ ಲೆಕ್ಕದಲ್ಲಿ ಅವಳಿಗಿಂತ ಐನೂರಕ್ಕೂ ಹೆಚ್ಚು ಕೆಳಗೆ. ನನಗೆ ತಕ್ಷಣ ಹೊಸದಾಗಿ ಕಲಿತ ಶಾಸ್ತ್ರ ನೆನಪಾಯಿತು.

"ಇದು ಅನ್ಯಾಯ," ಅಂದೆ. "ಹತ್ತೇ ದಿನದ ಸ್ಯಾಂಪಲ್ಲು. ತಪ್ಪಿನ ಅವಕಾಶ ಎಷ್ಟಿದೆ ಗೊತ್ತಾ? ಇಷ್ಟರಲ್ಲಿ ಯಾರ ಬಲವನ್ನೂ ಹೇಳೋಕೆ ಬರಲ್ಲ."

ಅವಳು ಚೆಕ್‌ರೋಲ್ ಮುಚ್ಚಿ, ಕನ್ನಡಕ ತೆಗೆದು, ಮೇಲೆ ನೋಡಿದಳು.

"ನಮ್ಮ ಮದುವೆ ಆದಾಗಿಂದ ಇಪ್ಪತ್ತೆಂಟು ವರ್ಷದ ಚೆಕ್‌ರೋಲ್ ಅಟ್ಟದ ಮೇಲಿದೆ. ಇಳಿಸ್ಲಾ?"

ನಾನು ಗೂಟದಿಂದ ಕೊಡೆ ತೆಗೆದುಕೊಂಡೆ. ಮಳೆ ಮತ್ತೆ ಜೋರಾಗಿತ್ತು. ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದಳು:

"ರೀ, ಸಂತೆಯಿಂದ ಬರ್ತಾ ಒಣಮೀನು ತನ್ನಿ. ಐದೂವರೆ ಬೇಡ, ಅರ್ಧ ಕೆಜಿ ಸಾಕು. ಮೇಲಿಂದ ಒಂದು ಹಿಡಿ ನೋಡಿ ತರಬೇಡಿ, ತಳದಿಂದಲೂ ನೋಡಿ!"